ಸ್ವವಿವರ ಪತ್ರದ ರಚನಾಕ್ರಮ
(ತಾತ್ಕಾಲಿಕ ವೈದ್ಯಹುದ್ದೆಗಳನ್ನು ಕುರಿತು ಒಂದು ಪಾಠ)

ಬರಹಗಳಲ್ಲಿ ಬಗೆಬಗೆಯುಂಟು. ರಸಾನಂದಕ್ಕಾಗಿ ಬರೆಯುವುದು ಕಾವ್ಯ. ತತ್ತ್ವನಿರ್ಣಯಕ್ಕಾಗಿ ಬರೆಯುವುದು ಶಾಸ್ತ್ರ. ಲೋಕವ್ಯವಹಾರಕ್ಕಾಗಿ ಬರೆಯುವುದು ಪತ್ರ, ಅರ್ಜಿ, ಕರಾರು, ವರದಿ ಮೊದಲಾದವು. ನಮ್ಮ ಶಾಲೆಗಳಲ್ಲಿ ಮೊದಲಿನ ಎರಡಕ್ಕೆ ಸಲ್ಲುವ ಗೌರವವು ಮೂರನೆಯದಕ್ಕೆ ಸಲ್ಲುತ್ತಿಲ್ಲ. ಪತ್ರಲೇಖನವೆಂದರೆ ಪ್ರಶ್ನಪತ್ರಿಕೆಯ ಕೊನೆಯಲ್ಲಿ ಬರುವ ಕೆಲವು ಅಂಕಗಳ ಪ್ರಶ್ನೆಯೆಂದು ಬಗೆಯುವವರೇ ಹೆಚ್ಚು. ಆದರೆ ವಿದ್ಯಾರ್ಥಿಯು ಶಾಲೆಯ ಹೊಸ್ತಿಲನ್ನು ದಾಟಿದ ಮೇಲೆ ಅವನ ಕೈಹಿಡಿಯುವುದು ಬಹುಮಟ್ಟಿಗೆ ಈ ಮೂರನೆಯ ಬಗೆಯ ಬರಹವೇ ಆಗಿದೆ.

ಶ್ರೀಮಠದ ಆಶ್ರಯದಲ್ಲಿ ಅನ್ನವನ್ನೂ ಅಕ್ಷರವನ್ನೂ ಪಡೆದು ಬೆಳೆದ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ವೈದ್ಯರಾಗಿದ್ದಾರೆ, ದಾದಿಯರಾಗಿದ್ದಾರೆ. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯ ಹಾಗೂ ಕಲಬುರಗಿಯ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಮಹಾವಿದ್ಯಾಲಯ (ಎರಡೂ 1963), ದಾವಣಗೆರೆಯ ಜೆ.ಜೆ.ಎಂ. ವೈದ್ಯಕೀಯ ಮಹಾವಿದ್ಯಾಲಯ (1965), ಮೈಸೂರಿನ ಜೆ.ಎಸ್.ಎಸ್. ವೈದ್ಯಕೀಯ ಮಹಾವಿದ್ಯಾಲಯ (1984) ಇವೇ ಮೊದಲಾದವು ನಮ್ಮ ನಾಡಿನ ಹಳ್ಳಿಗಳ ಮಕ್ಕಳಿಗೂ ವೈದ್ಯವಿದ್ಯೆಯ ಬಾಗಿಲನ್ನು ತೆರೆದವು. ಈ ಪದವೀಧರರಲ್ಲಿ ಹಲವರು ಮೊದಲ ವರ್ಷಗಳಲ್ಲಿ ಖಾಯಂ ಹುದ್ದೆಗಿಂತ ಮೊದಲು ತಾತ್ಕಾಲಿಕ ಹುದ್ದೆಗಳಲ್ಲಿ ದುಡಿಯಬೇಕಾಗುತ್ತದೆ. ಆಗ ಅವರು ತಮ್ಮ ‘ಬಯೋಡೇಟಾ’ವನ್ನು ಹಿಡಿದು, ಭಾಷೆಯನ್ನಾದರೂ ತಿದ್ದಿಕೊಡಿರೆಂದು ಹಳೆಯ ಕನ್ನಡ ಮೇಷ್ಟರ ಬಳಿಗೆ ಬರುವುದುಂಟು. ವೈದ್ಯಶಾಸ್ತ್ರದಲ್ಲಿ ಈ ಲೇಖಕನಿಗೆ ಅಧಿಕಾರವಿಲ್ಲ. ಆದರೆ ಸ್ವವಿವರ ಪತ್ರವು ಔಷಧವಲ್ಲ, ವಾಕ್ಯರಚನೆ. ವಾಕ್ಯದ ಗುಣದೋಷಗಳನ್ನು ವಿಚಾರಿಸುವುದು ಪಂಡಿತವೃತ್ತಿಗೆ ಸೇರಿದ್ದೇ ಆದುದರಿಂದ ಈ ಪಾಠಕ್ಕೆ ತೊಡಗಿದ್ದೇನೆ.

1. ತಾತ್ಕಾಲಿಕ ಹುದ್ದೆಯೆಂದರೇನು?

ಬ್ರಿಟನ್, ಆಸ್ಟ್ರೇಲಿಯ ಮೊದಲಾದ ದೇಶಗಳಲ್ಲಿ ಇಂಥ ವೈದ್ಯನನ್ನು ‘ಲೋಕಮ್’ ಎನ್ನುತ್ತಾರೆ. ಇದು ‘ಲೋಕಮ್ ಟೆನೆನ್ಸ್’ ಎಂಬ ಲ್ಯಾಟಿನ್ ನುಡಿಯ ಸಂಕ್ಷೇಪ. ‘ಸ್ಥಾನವನ್ನು ಹಿಡಿದಿರುವವನು’ ಎಂದು ಅದರ ಅರ್ಥ. ‘ಸಿ.ವಿ.’ ಎಂಬುದು ಕೂಡ ‘ಕರಿಕ್ಯುಲಮ್ ವೀಟೆ’ ಎಂಬ ಲ್ಯಾಟಿನ್ ಮಾತಿನ ಮೊದಲಕ್ಷರಗಳು. ‘ಬಾಳಿನ ಓಟ’ ಎಂಬುದು ಅದರ ಶಬ್ದಾರ್ಥ. ನಮ್ಮಲ್ಲಿ ಗುತ್ತಿಗೆ ವೈದ್ಯ, ಡ್ಯೂಟಿ ಡಾಕ್ಟರ್ ಎಂಬ ಮಾತುಗಳು ರೂಢಿಯಲ್ಲಿವೆ.

ಈ ಸ್ಥಾನವನ್ನು ಕೀಳೆಂದು ಭಾವಿಸಲಾಗದು. ಬಯಲುಸೀಮೆಯಲ್ಲಿ 30,000 ಜನರಿಗೆ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಗಳಲ್ಲಿ 20,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವಿರಬೇಕೆಂಬುದು ನಮ್ಮ ದೇಶದ ಪ್ರಮಾಣ. ಎಷ್ಟೋ ಕೇಂದ್ರಗಳಲ್ಲಿ ಇರುವವರು ಒಬ್ಬರೇ ಎಂ.ಬಿ.ಬಿ.ಎಸ್. ವೈದ್ಯರು. ಅವರು ಹೆರಿಗೆ ರಜೆಗೋ ಉನ್ನತ ವ್ಯಾಸಂಗಕ್ಕೋ ಹೋದರೆ ಅಷ್ಟು ಊರುಗಳಿಗೂ ವೈದ್ಯರಿಲ್ಲದಂತಾಗುತ್ತದೆ. ಆಗ ಆ ಕುರ್ಚಿಯಲ್ಲಿ ಕುಳಿತುಕೊಳ್ಳುವವರು ಆರು ತಿಂಗಳಿಗೆಂದು ಬಂದ ಗುತ್ತಿಗೆ ವೈದ್ಯರೇ. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಈ ಬಗೆಯ ಗುತ್ತಿಗೆ ನೇಮಕಾತಿಯು ಹಬ್ಬಿತು. 2020–21ರ ಕೋವಿಡ್ ಕಾಲದಲ್ಲಿ ಅದರ ಅಗತ್ಯವನ್ನು ನಾಡೆಲ್ಲ ಕಂಡಿತು. ಕಾಯಕದಲ್ಲಿ ಮೇಲುಕೀಳಿಲ್ಲವೆಂಬುದು ಶರಣರ ಮತ. ಆರು ತಿಂಗಳ ಕಾಯಕವೂ ಕಾಯಕವೇ.

ಆದರೆ ಖಾಯಂ ವೈದ್ಯನಿಗೂ ತಾತ್ಕಾಲಿಕ ವೈದ್ಯನಿಗೂ ಒಂದು ಭೇದವುಂಟು. ಖಾಯಂ ವೈದ್ಯನನ್ನು ಆಸ್ಪತ್ರೆಯು ಕ್ರಮೇಣ ಅರಿತುಕೊಳ್ಳುತ್ತದೆ, ಕೊರತೆಯಿದ್ದಲ್ಲಿ ಕಲಿಸಿಕೊಳ್ಳುತ್ತದೆ. ತಾತ್ಕಾಲಿಕ ವೈದ್ಯನಾದರೋ ಇಂದು ಸಂಜೆ ಬಂದು ಇಂದು ರಾತ್ರಿಯೇ ವಾರ್ಡನ್ನು ವಹಿಸಿಕೊಳ್ಳಬೇಕಾಗಬಹುದು. ಅವನನ್ನು ಬಲ್ಲವರು ಅಲ್ಲಿ ಯಾರೂ ಇರುವುದಿಲ್ಲ. ಅವನ ವಿಷಯದಲ್ಲಿ ಆಸ್ಪತ್ರೆಯ ಕೈಯಲ್ಲಿರುವುದು ಎರಡು ಹಾಳೆಯ ಬರಹ ಮಾತ್ರ. ಆ ಬರಹವನ್ನು ನಂಬಿ ರೋಗಿಗಳ ಪ್ರಾಣವನ್ನು ಅವನಿಗೆ ಒಪ್ಪಿಸುತ್ತಾರೆ. ಆದ್ದರಿಂದ ಈ ಬರಹದಲ್ಲಿ ಒಂದು ಮಾತು ಹೆಚ್ಚಾದರೂ ಕಡಿಮೆಯಾದರೂ ಅದರ ಫಲವನ್ನು ಉಣ್ಣುವವನು ಮೂರನೆಯವನು. ಹಾಸಿಗೆಯ ಮೇಲೆ ಮಲಗಿರುವ ರೋಗಿ.

2. ಅನುಬಂಧ ಚತುಷ್ಟಯ

ಶಾಸ್ತ್ರಗ್ರಂಥಗಳ ಆರಂಭದಲ್ಲಿ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ನಿರ್ಣಯಿಸಿಕೊಳ್ಳುವುದು ಪೂರ್ವಸಂಪ್ರದಾಯ. ಸ್ವವಿವರ ಬರೆಯುವವರೂ ಲೇಖನಿ ಹಿಡಿಯುವ ಮೊದಲು ಇದನ್ನು ಯೋಚಿಸಬೇಕು.

ಅಧಿಕಾರಿ ಎಂದರೆ ಇಲ್ಲಿ ಓದುವವನು. ಜಿಲ್ಲಾ ಮಟ್ಟದ ನೇರ ಸಂದರ್ಶನವಾದರೆ ದಾಖಲೆಗಳನ್ನು ತಾಳೆನೋಡುವ ಗುಮಾಸ್ತರು ಮತ್ತು ಆಯ್ಕೆ ಸಮಿತಿಯವರು. ಖಾಸಗಿ ಆಸ್ಪತ್ರೆಯಾದರೆ ಆಡಳಿತಾಧಿಕಾರಿ ಮತ್ತು ವಿಭಾಗದ ಮುಖ್ಯ ವೈದ್ಯರು. ಬ್ರಿಟನ್ನಿನಲ್ಲಾದರೆ ಮೊದಲು ಲೋಕಮ್ ಏಜೆನ್ಸಿಯವರು, ಬಳಿಕ ಆಸ್ಪತ್ರೆಯ ತಜ್ಞವೈದ್ಯರು. ಇವರಲ್ಲಿ ಯಾರಿಗೂ ಬಿಡುವಿಲ್ಲ. ವಿಷಯವೆಂದರೆ ಅರ್ಜಿದಾರನ ಇಡೀ ಜೀವನಚರಿತ್ರೆಯಲ್ಲ. ಆ ಹುದ್ದೆಗೆ ಬೇಕಾದಷ್ಟು ಭಾಗ. ಸಂಬಂಧವೆಂದರೆ ತನ್ನ ಅನುಭವಕ್ಕೂ ಆ ಹುದ್ದೆಯ ಕೆಲಸಕ್ಕೂ ಇರುವ ನಂಟು. ಪ್ರಯೋಜನವೆಂದರೆ, ‘ಈ ದಿನಾಂಕದಿಂದ ಈ ಕೆಲಸವನ್ನು ಇವರಿಗೆ ಒಪ್ಪಿಸಬಹುದು’ ಎಂಬ ನಿಶ್ಚಯವನ್ನು ಓದುಗನ ಮನಸ್ಸಿನಲ್ಲಿ ಹುಟ್ಟಿಸುವುದು. ಹೊಗಳಿಕೆಯು ಪ್ರಯೋಜನವಲ್ಲ, ನಿಶ್ಚಯವು ಪ್ರಯೋಜನ.

ಇನ್ನು ವಾಕ್ಯವು ಅರ್ಥವನ್ನು ಕೊಡಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಇರಬೇಕೆಂದು ತಾರ್ಕಿಕರು ಹೇಳುತ್ತಾರೆ. ಸ್ವವಿವರ ಪತ್ರವನ್ನು ಒಂದು ಮಹಾವಾಕ್ಯವೆಂದು ಭಾವಿಸಿ ಈ ಮೂರನ್ನೂ ಅದಕ್ಕೆ ಅನ್ವಯಿಸಿ ನೋಡೋಣ.

3. ಆಕಾಂಕ್ಷೆ: ಓದುಗನ ಪ್ರಶ್ನೆಗೆ ಉತ್ತರ

‘ತೆಗೆದುಕೊಂಡು ಬಾ’ ಎಂದು ಮಾತ್ರ ಹೇಳಿದರೆ ‘ಏನನ್ನು?’ ಎಂಬ ಪ್ರಶ್ನೆ ಉಳಿಯುತ್ತದೆ. ಇದೇ ಆಕಾಂಕ್ಷೆ. ತಾತ್ಕಾಲಿಕ ಹುದ್ದೆಗೆ ವೈದ್ಯರನ್ನು ಹುಡುಕುವವನ ಮನಸ್ಸಿನಲ್ಲಿ ಪ್ರಶ್ನೆಗಳು ಒಂದು ಕ್ರಮದಲ್ಲಿ ಏಳುತ್ತವೆ. ಈತ ಯಾರು? ಚಿಕಿತ್ಸೆ ಮಾಡಲು ಕಾನೂನಿನ ಅಧಿಕಾರವಿದೆಯೆ? ಎಂದಿನಿಂದ ಬರಬಲ್ಲ? ಇತ್ತೀಚೆಗೆ ಎಲ್ಲಿ ಯಾವ ಕೆಲಸ ಮಾಡಿದ್ದಾನೆ? ಒಬ್ಬನೇ ಏನನ್ನು ನಿಭಾಯಿಸಬಲ್ಲ? ಇದಕ್ಕೆ ಸಾಕ್ಷಿ ಯಾರು? ಪತ್ರದ ಭಾಗಗಳೂ ಇದೇ ಕ್ರಮದಲ್ಲಿ ಬರಬೇಕು.

ಹೆಸರು: ಇದು ಸುಲಭವೆಂದು ಕಂಡರೂ ನಮ್ಮ ನಾಡಿನವರಿಗೆ ತೊಡಕಿನದು. ಹಳೆಯ ಮೈಸೂರಿನ ಕಡೆ ಊರಿನ ಹೆಸರು, ತಂದೆಯ ಹೆಸರುಗಳ ಮೊದಲಕ್ಷರಗಳನ್ನು ಇಟ್ಟುಕೊಳ್ಳುವುದು ವಾಡಿಕೆ. ಉತ್ತರದ ಜಿಲ್ಲೆಗಳಲ್ಲಿ ಪಾಟೀಲ, ಹಿರೇಮಠ, ಅಂಗಡಿ ಮೊದಲಾದ ಮನೆತನದ ಹೆಸರುಗಳುಂಟು. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಮೊದಲಕ್ಷರ ಹಿಂದೆ, ಪದವಿಪತ್ರದಲ್ಲಿ ಮುಂದೆ, ಪಾಸ್‌ಪೋರ್ಟಿನಲ್ಲಿ ಅದೇ ಬಿಡಿಸಿ ಬರೆದ ರೂಪ, ಹೀಗೆ ಒಬ್ಬನೇ ಮನುಷ್ಯ ಮೂವರಾಗಿ ಕಾಣುವುದುಂಟು. ವೃತ್ತಿನೋಂದಣಿ ಪತ್ರದಲ್ಲಿರುವ ರೂಪವನ್ನೇ ಬರೆಯತಕ್ಕದ್ದು. ಬೇರೆ ದಾಖಲೆಯಲ್ಲಿ ಭೇದವಿದ್ದರೆ, ಅಥವಾ ವಿವಾಹಾನಂತರ ಹೆಸರು ಬದಲಾಗಿದ್ದರೆ, ಒಂದು ಸಾಲಿನಲ್ಲಿ ತಿಳಿಸಿ ಆಧಾರಪತ್ರವನ್ನು ಸಿದ್ಧವಾಗಿಡಬೇಕು. ಹೆಸರನ್ನು ಶಾಲೆಯ ದಾಖಲಾತಿಯಲ್ಲಿಯೇ ಸರಿಯಾಗಿ ಬರೆಯಿಸುವುದು ಅಧ್ಯಾಪಕರಾದ ನಮ್ಮ ಹೊಣೆಯೆಂಬುದನ್ನೂ ಇಲ್ಲಿ ನೆನೆಯಬೇಕು.

ನೋಂದಣಿ: ಹೆಸರಿನ ಕೆಳಗೆಯೇ ಇರತಕ್ಕದ್ದು ಇದು. ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ, ದಿನಾಂಕ, ಅದು ತಾತ್ಕಾಲಿಕವೊ ಖಾಯಮ್ಮೊ, ನವೀಕರಣ ಯಾವಾಗ ಎಂಬುದನ್ನು ಬರೆಯಬೇಕು. ಎಂ.ಬಿ.ಬಿ.ಎಸ್. ವ್ಯಾಸಂಗವು ನಾಲ್ಕೂವರೆ ವರ್ಷ. ಅದರ ಮೇಲೆ ಹನ್ನೆರಡು ತಿಂಗಳ ಹೌಸ್‌ಸರ್ಜನ್ಸಿ. ಅದು ಮುಗಿದ ಮೇಲಷ್ಟೇ ಖಾಯಂ ನೋಂದಣಿ. ಹೌಸ್‌ಸರ್ಜನ್ಸಿ ಮುಗಿಯುವ ಮೊದಲೇ ‘ವೈದ್ಯನಾಗಿ ಸ್ವತಂತ್ರ ಸೇವೆ’ ಎಂದು ಬರೆದರೆ ಅದು ಅರ್ಜಿದಾರನಿಗೇ ಕುತ್ತು. ಬ್ರಿಟನ್ನಿನಲ್ಲಿ 1858ರ ಕಾಯಿದೆಯಿಂದ ಹುಟ್ಟಿದ ಜನರಲ್ ಮೆಡಿಕಲ್ ಕೌನ್ಸಿಲ್ ಎಂಬ ಸಂಸ್ಥೆಯು ಪ್ರತಿಯೊಬ್ಬ ವೈದ್ಯನಿಗೂ ಏಳು ಅಂಕಿಗಳ ಸಂಖ್ಯೆಯನ್ನು ಕೊಡುತ್ತದೆ. 2009ರಿಂದ ಅಲ್ಲಿ ನೋಂದಣಿಯೊಂದೇ ಸಾಲದು. ಚಿಕಿತ್ಸೆ ಮಾಡಲು ಪ್ರತ್ಯೇಕ ಪರವಾನಗಿ ಬೇಕು. ಎರಡೂ ಇವೆಯೆಂಬುದನ್ನು ಸ್ಪಷ್ಟವಾಗಿ ಹೇಳಬೇಕು.

ಲಭ್ಯತೆ: ಖಾಯಂ ಹುದ್ದೆಯ ಅರ್ಜಿಯಲ್ಲಿ ಇಲ್ಲದ ಭಾಗವಿದು, ತಾತ್ಕಾಲಿಕ ಹುದ್ದೆಯಲ್ಲಿ ಇದೇ ಮುಖ್ಯ. ‘ಜೂನ್ 1ರಿಂದ ಆರು ತಿಂಗಳು, ರಾತ್ರಿ ಪಾಳಿಗೂ ಭಾನುವಾರಕ್ಕೂ ಒಪ್ಪಿಗೆ, ಕೇಂದ್ರಸ್ಥಾನದಲ್ಲಿಯೇ ವಾಸ’ ಎಂಬ ಒಂದು ಸಾಲು ಹತ್ತು ಸಾಲಿನ ಗುಣವರ್ಣನೆಗಿಂತ ಮೇಲು. ಮುಂದೆ ಸ್ನಾತಕೋತ್ತರ ಪ್ರವೇಶಕ್ಕೆ ಹೋಗುವ ಉದ್ದೇಶವಿದ್ದರೆ ಅದನ್ನೂ ತಿಳಿಸುವುದು ಧರ್ಮ. ನಡುನೀರಿನಲ್ಲಿ ಕೈಬಿಟ್ಟು ಹೋದ ವೈದ್ಯನನ್ನು ಯಾವ ಆಸ್ಪತ್ರೆಯೂ ಮರಳಿ ಕರೆಯುವುದಿಲ್ಲ.

ಭಾಷೆ: ಇದನ್ನು ಪತ್ರದ ಬಾಲದಲ್ಲಿ ಹವ್ಯಾಸಗಳ ಜೊತೆಗೆ ಬರೆಯುವುದು ಕಂಡುಬರುತ್ತದೆ. ಅದು ತಪ್ಪು. ಬೆಳಗಾವಿಯ ಗಡಿಯಲ್ಲಿ ಮರಾಠಿ, ಕಲಬುರಗಿ ಬೀದರಗಳಲ್ಲಿ ಉರ್ದು ಮತ್ತು ತೆಲುಗು, ಕರಾವಳಿಯಲ್ಲಿ ತುಳು, ತಾಂಡಾಗಳಲ್ಲಿ ಲಂಬಾಣಿ, ಇವು ರೋಗಿಯ ಬಾಯಿಯ ನುಡಿಗಳು. ರೋಗಿಯು ತನ್ನ ನೋವನ್ನು ತನ್ನ ನುಡಿಯಲ್ಲಿಯೇ ಹೇಳಿಕೊಳ್ಳುತ್ತಾನೆ. ಒಂದು ಭಾಷೆ ಮಾತಾಡಲು ಬರುತ್ತದೆಯೊ, ಅರ್ಥವಾಗುತ್ತದೆಯಷ್ಟೆಯೊ ಎಂಬ ಭೇದವನ್ನೂ ಹೇಳಬೇಕು.

4. ಯೋಗ್ಯತೆ: ಮಾತಿಗೂ ವಸ್ತುವಿಗೂ ಹೊಂದಿಕೆ

‘ಬೆಂಕಿಯಿಂದ ಗಿಡಕ್ಕೆ ನೀರುಣಿಸಿದೆನು’ ಎಂಬ ವಾಕ್ಯದಲ್ಲಿ ವ್ಯಾಕರಣದೋಷವಿಲ್ಲ, ಅರ್ಥವು ಬಾಧಿತವಾಗುತ್ತದೆ. ಏಕೆಂದರೆ ಬೆಂಕಿಗೆ ಆ ಯೋಗ್ಯತೆಯಿಲ್ಲ. ಸ್ವವಿವರ ಪತ್ರಗಳಲ್ಲಿ ಈ ದೋಷವು ವಿಪುಲವಾಗಿದೆ. ಹೌಸ್‌ಸರ್ಜನ್ಸಿ ಮುಗಿಸಿ ಮೂರು ತಿಂಗಳಾದವನು ‘ತೀವ್ರನಿಗಾ ಘಟಕದ ನಿರ್ವಹಣೆಯಲ್ಲಿ ಪರಿಣತ’ ಎಂದು ಬರೆದರೆ ಓದುವ ತಜ್ಞನು ಆ ಸಾಲನ್ನಷ್ಟೇ ಅಲ್ಲ, ಉಳಿದ ಸಾಲುಗಳನ್ನೂ ಶಂಕಿಸುತ್ತಾನೆ.

ಇದಕ್ಕೆ ಪರಿಹಾರವು ಸುಲಭವಾಗಿದೆ. ಪ್ರತಿಯೊಂದು ಕೌಶಲವನ್ನೂ ಮೂರು ದರ್ಜೆಗಳಲ್ಲಿ ಹೇಳಬೇಕು: ನೋಡಿದ್ದು, ಹಿರಿಯರ ಮೇಲ್ವಿಚಾರಣೆಯಲ್ಲಿ ಮಾಡಿದ್ದು, ಸ್ವತಂತ್ರವಾಗಿ ಮಾಡಬಲ್ಲದ್ದು. ಸಾಧ್ಯವಾದಲ್ಲಿ ಸಂಖ್ಯೆಯನ್ನು ಕೊಡಬೇಕು. ಕಲ್ಪಿತವಾದ ಎರಡು ಮಾದರಿಗಳನ್ನು ಹೋಲಿಸೋಣ.

ಮೊದಲನೆಯದು: ‘ತಾಲ್ಲೂಕು ಆಸ್ಪತ್ರೆಯಲ್ಲಿ ಅನೇಕ ವಿಧದ ತುರ್ತು ಪ್ರಕರಣಗಳನ್ನು ಅತ್ಯಂತ ಯಶಸ್ವಿಯಾಗಿ ನಿಭಾಯಿಸಿದ ಅಪಾರ ಅನುಭವವಿದೆ. ಶ್ರಮಜೀವಿ, ಉತ್ಸಾಹಿ, ನಾಯಕತ್ವ ಗುಣವುಳ್ಳವನು.’

ಎರಡನೆಯದು: ‘2023ರ ಆಗಸ್ಟ್ 1ರಿಂದ 2024ರ ಜನವರಿ 31ರವರೆಗೆ, 100 ಹಾಸಿಗೆಗಳ ತಾಲ್ಲೂಕು ಆಸ್ಪತ್ರೆ, ತುರ್ತು ಚಿಕಿತ್ಸಾ ವಿಭಾಗ, ಗುತ್ತಿಗೆ ವೈದ್ಯ, ಪೂರ್ಣಾವಧಿ. ವಾರಕ್ಕೆ ಎರಡು ರಾತ್ರಿ ಪಾಳಿ. ರಾತ್ರಿ ವೇಳೆ ವಿಭಾಗದಲ್ಲಿ ಒಬ್ಬನೇ ವೈದ್ಯ, ತಜ್ಞರು ದೂರವಾಣಿಯಲ್ಲಿ ಲಭ್ಯ. ಹಾವು ಕಡಿತ ಮತ್ತು ಕೀಟನಾಶಕ ವಿಷಪ್ರಾಶನದ ರೋಗಿಗಳಿಗೆ ಪ್ರಥಮ ಚಿಕಿತ್ಸೆ ನೀಡಿ ಜಿಲ್ಲಾ ಆಸ್ಪತ್ರೆಗೆ ಕಳುಹಿಸುವುದು. ಗಾಯಕ್ಕೆ ಹೊಲಿಗೆ ಸ್ವತಂತ್ರವಾಗಿ. ಶ್ವಾಸನಾಳಕ್ಕೆ ಕೊಳವೆ ಹಾಕಿದ್ದು ಮೇಲ್ವಿಚಾರಣೆಯಲ್ಲಿ 6 ಬಾರಿ.’

ಮೊದಲನೆಯದರಲ್ಲಿ ವಿಶೇಷಣಗಳಿವೆ, ವಿಷಯವಿಲ್ಲ. ಎರಡನೆಯದರಲ್ಲಿ ಒಂದು ಹೊಗಳಿಕೆಯೂ ಇಲ್ಲ. ಆದರೂ ಓದಿದವರಿಗೆ ಆ ವೈದ್ಯನು ಕಣ್ಮುಂದೆ ನಿಲ್ಲುತ್ತಾನೆ. ಅವನಿಗೆ ಕೊಳವೆ ಹಾಕುವ ಕೆಲಸವನ್ನು ಒಬ್ಬನಿಗೇ ಬಿಡಬಾರದೆಂಬುದೂ ತಿಳಿಯುತ್ತದೆ. ಹಾಗೆ ತಿಳಿಯುವುದರಿಂದಲೇ ರೋಗಿಯ ರಕ್ಷಣೆ, ವೈದ್ಯನ ರಕ್ಷಣೆ ಎರಡೂ ಆಗುತ್ತವೆ. ತನಗೆ ಬಾರದುದನ್ನು ಬಾರದೆಂದು ಬರೆದವನಿಗೆ ಬರುವುದನ್ನು ಕುರಿತ ಮಾತು ಹೆಚ್ಚು ಬೆಲೆಯುಳ್ಳದ್ದಾಗುತ್ತದೆ.

ಇಲ್ಲಿ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಪ್ರಸಂಗವನ್ನು ನೆನೆಯುವುದು ಉಚಿತ. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನವರು ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚು ತಂದಾಗ, ಲಕ್ಕಮ್ಮನವರು ಆ ಹೆಚ್ಚಿನ ಅಕ್ಕಿಯನ್ನು ಮರಳಿ ಸುರಿದು ಬರುವಂತೆ ಕಳುಹಿಸಿದರೆಂಬುದು ನಮ್ಮ ಮನೆಮನೆಗೂ ತಿಳಿದ ಕಥೆ. ಅನುಭವವೂ ಆಯ್ದ ಅಕ್ಕಿಯಂಥದೇ. ತಾನು ಆಯ್ದಷ್ಟೇ ತನ್ನದು. ಜೊತೆಯವನು ಮಾಡಿದ ಶಸ್ತ್ರಚಿಕಿತ್ಸೆಯನ್ನು ತನ್ನ ಲೆಕ್ಕಕ್ಕೆ ಸೇರಿಸಿಕೊಳ್ಳುವವರು ಲಕ್ಕಮ್ಮನವರ ಮುಂದೆ ಆ ಚೀಲವನ್ನು ಬಿಚ್ಚಬಲ್ಲೆನೆ ಎಂದು ತಮ್ಮನ್ನು ತಾವು ಕೇಳಿಕೊಳ್ಳಲಿ.

ಆದರೆ ಇದಕ್ಕೆ ಇನ್ನೊಂದು ಮಗ್ಗುಲುಂಟು. ನಮ್ಮ ಹಳ್ಳಿಗಳಿಂದ ಬಂದ ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಆತ್ಮಪ್ರಶಂಸೆಯಲ್ಲ, ಸಂಕೋಚ. ತಮ್ಮನ್ನು ತಾವು ಹೇಳಿಕೊಳ್ಳುವುದು ಅವಿನಯವೆಂದು ಅವರು ಕಲಿತಿದ್ದಾರೆ. ವರ್ಷವಿಡೀ ರಾತ್ರಿ ಪಾಳಿಯಲ್ಲಿ ಹೆರಿಗೆಗಳನ್ನು ನೋಡಿಕೊಂಡವಳು ‘ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದು ವರ್ಷ’ ಎಂದಷ್ಟೇ ಬರೆದು ಸುಮ್ಮನಾಗುತ್ತಾಳೆ. ಆ ಅನುಭವವನ್ನು ಓದುಗನು ಹೇಗೆ ತಿಳಿಯಬೇಕು? ಮಾಡಿದ್ದನ್ನು ಮಾಡಿದೆನೆಂದು ಹೇಳುವುದು ಅಹಂಕಾರವಲ್ಲ, ಅದು ಯಥಾರ್ಥಕಥನ. ಹೆಚ್ಚು ಹೇಳುವುದು ಅಸತ್ಯವಾದರೆ, ಇದ್ದುದನ್ನು ಮುಚ್ಚಿಡುವುದು ತನಗೂ ತನ್ನನ್ನು ಓದಿಸಿದವರಿಗೂ ಮಾಡುವ ಅನ್ಯಾಯ.

5. ಸನ್ನಿಧಿ: ಸೇರಬೇಕಾದುದು ಸೇರಿದ ಕಡೆ

ಒಂದು ಶಬ್ದವನ್ನು ಬೆಳಿಗ್ಗೆ, ಇನ್ನೊಂದನ್ನು ಮಧ್ಯಾಹ್ನ ನುಡಿದರೆ ವಾಕ್ಯವಾಗದು. ಸಂಬಂಧಪಟ್ಟುವು ಹತ್ತಿರವಿರಬೇಕು. ಇದರಿಂದ ಕೆಲವು ನಿಯಮಗಳು ಹುಟ್ಟುತ್ತವೆ.

(ಅ) ಇತ್ತೀಚಿನದು ಮೊದಲು. ನಮ್ಮ ಬಯೋಡೇಟಾಗಳು ಹತ್ತನೆಯ ತರಗತಿಯ ಶೇಕಡಾವಾರು ಅಂಕದಿಂದ ಆರಂಭವಾಗಿ ಇಂದಿನ ಕೆಲಸದಲ್ಲಿ ಮುಗಿಯುತ್ತವೆ. ವೈದ್ಯನನ್ನು ಹುಡುಕುವವನಿಗೆ ಬೇಕಾದುದು ಕಳೆದ ವರ್ಷದ ಕೆಲಸ. ಅದು ಮೊದಲ ಪುಟದಲ್ಲಿಯೇ ಇರಲಿ. ಹಳೆಯದು ಕ್ರಮವಾಗಿ ಹಿಂದೆ ಸರಿಯಲಿ.

(ಆ) ದಿನಾಂಕವು ದಿನ, ತಿಂಗಳು, ವರ್ಷ ಸಹಿತವಾಗಿರಲಿ. ನಮ್ಮ ನಾಡಿನ ದಾನಶಾಸನಗಳನ್ನು ನೋಡಿದವರು ಬಲ್ಲರು. ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರಗಳನ್ನು ಹೇಳದೆ, ಕೊಟ್ಟ ಭೂಮಿಯ ಎಲ್ಲೆಕಟ್ಟುಗಳನ್ನು ಗುರುತಿಸದೆ, ಸಾಕ್ಷಿಗಳನ್ನು ಕಾಣಿಸದೆ ಶಾಸನಕಾರರು ಕಲ್ಲನ್ನು ಬಿಡುತ್ತಿರಲಿಲ್ಲ. ಪ್ರಶಸ್ತಿಭಾಗವು ಎಷ್ಟೇ ರಮ್ಯವಾಗಿದ್ದರೂ ವ್ಯಾಜ್ಯ ಬಂದಾಗ ನಿಂತದ್ದು ಈ ಭಾಗವೇ. ಸ್ವವಿವರ ಪತ್ರಕ್ಕೆ ಪ್ರಶಸ್ತಿಭಾಗ ಬೇಕಾಗಿಲ್ಲ, ಎಲ್ಲೆಕಟ್ಟು ಬೇಕು.

(ಇ) ನಡುವಿನ ಬಿಡುವನ್ನು ತುಂಬಿ ಹೇಳಬೇಕು. ಸ್ನಾತಕೋತ್ತರ ಪ್ರವೇಶ ಪರೀಕ್ಷೆಯ ತಯಾರಿಯಲ್ಲಿ ಒಂದೆರಡು ವರ್ಷ ಕಳೆಯುವುದು ಇಂದು ಸಾಮಾನ್ಯ. ಹೆರಿಗೆ, ಶಿಶುಪಾಲನೆ, ತಂದೆತಾಯಿಗಳ ಶುಶ್ರೂಷೆ, ಸ್ವಂತ ಕಾಯಿಲೆ ಇವೂ ಉಂಟು. ಇವುಗಳಲ್ಲಿ ನಾಚಿಕೆಪಡತಕ್ಕದ್ದು ಒಂದೂ ಇಲ್ಲ. ‘2022ರ ಏಪ್ರಿಲ್‌ನಿಂದ 2023ರ ಮಾರ್ಚ್‌ವರೆಗೆ ಪ್ರವೇಶ ಪರೀಕ್ಷೆಯ ತಯಾರಿ, ಚಿಕಿತ್ಸಾವೃತ್ತಿಯಲ್ಲಿ ಇರಲಿಲ್ಲ’ ಎಂಬ ಒಂದು ಸಾಲು ಸಾಕು. ಹೇಳದೆ ಬಿಟ್ಟ ತಿಂಗಳುಗಳನ್ನು ಓದುವವನು ತನ್ನ ಊಹೆಯಿಂದ ತುಂಬಿಕೊಳ್ಳುತ್ತಾನೆ. ಆ ಊಹೆ ಅರ್ಜಿದಾರನಿಗೆ ಹಿತವಾಗಿರುವುದು ಅಪೂರ್ವ.

(ಈ) ತರಬೇತಿಯ ಜೊತೆಗೇ ಅದರ ಅವಧಿ. ಹೃದಯ ನಿಂತವರಿಗೆ ಪುನಶ್ಚೇತನ ನೀಡುವ ತರಬೇತಿಗಳಲ್ಲಿ, ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನಿನ ಪ್ರಮಾಣಪತ್ರವು ಎರಡು ವರ್ಷಕ್ಕೆ, ಬ್ರಿಟನ್ನಿನ ಎ.ಎಲ್.ಎಸ್. ಪ್ರಮಾಣಪತ್ರವು ನಾಲ್ಕು ವರ್ಷಕ್ಕೆ ಊರ್ಜಿತವಾಗಿರುತ್ತದೆ. ಅವಧಿ ಮುಗಿದುದನ್ನು ದಿನಾಂಕವಿಲ್ಲದೆ ಬರೆಯುವುದು ಒಂದು ಬಗೆಯ ಮರೆಮಾಚುವಿಕೆಯೇ ಆಗುತ್ತದೆ.

(ಉ) ಒಟ್ಟು ಎರಡು ಪುಟ ಸಾಕು. ಒಂದೇ ಅನುಭವವನ್ನು ಸಾರಾಂಶದಲ್ಲಿ, ಸೇವಾವಿವರದಲ್ಲಿ, ಕೌಶಲಪಟ್ಟಿಯಲ್ಲಿ ಮೂರು ಸಲ ಹೇಳುವುದು ಪುನರುಕ್ತಿದೋಷ.

6. ಬಿಡಬೇಕಾದವು

ಏನನ್ನು ಬರೆಯಬೇಕೆಂಬಷ್ಟೇ ಮುಖ್ಯವಾದುದು ಏನನ್ನು ಬಿಡಬೇಕೆಂಬುದು. ಜಾತಿ, ಮತ, ವೈವಾಹಿಕ ಸ್ಥಿತಿ, ಎತ್ತರ ಮೊದಲಾದವು ನಮ್ಮ ಬಯೋಡೇಟಾಗಳಲ್ಲಿ ವಿವಾಹಸಂಬಂಧದ ಪತ್ರದಿಂದ ನುಸುಳಿ ಬಂದಂತಿವೆ. ಸರಕಾರಿ ಅರ್ಜಿ ನಮೂನೆಯಲ್ಲಿ ಮೀಸಲಾತಿ ವರ್ಗವನ್ನು ಕೇಳಿದ್ದರೆ ಅಲ್ಲಿ ಪ್ರಮಾಣಪತ್ರಸಹಿತ ತುಂಬಬೇಕು. ಸ್ವವಿವರ ಪತ್ರದಲ್ಲಿ ಅದರ ಅಗತ್ಯವಿಲ್ಲ. ಬ್ರಿಟನ್ನಿನಲ್ಲಿ ಸಮಾನತೆಯ ಕಾಯಿದೆ (2010) ಜಾರಿಯಲ್ಲಿದ್ದು, ವಯಸ್ಸು, ಮತ, ವಿವಾಹಗಳ ವಿವರವನ್ನೂ ಭಾವಚಿತ್ರವನ್ನೂ ಸಿ.ವಿ.ಯಲ್ಲಿ ಕೊಡುವ ರೂಢಿಯಿಲ್ಲ. ಆಧಾರ್ ಸಂಖ್ಯೆಯಂಥವನ್ನು ಹತ್ತು ಕೈ ದಾಟುವ ಪತ್ರದಲ್ಲಿ ಬರೆಯುವುದು ಅವಿವೇಕ. ರೋಗಿಯ ಗುರುತು ಹತ್ತುವಂಥ ಯಾವ ವಿವರವೂ ಎಲ್ಲಿಯೂ ಬರಕೂಡದು.

7. ಸಾಕ್ಷಿಗಳು

ಪರಾಮರ್ಶೆಗೆ ಕೊಡುವ ಹೆಸರುಗಳು ಇತ್ತೀಚೆಗೆ ತನ್ನ ಕೆಲಸವನ್ನು ಕಣ್ಣಾರೆ ಕಂಡ ಹಿರಿಯ ವೈದ್ಯರದಾಗಿರಬೇಕು. ಅವರ ಅನುಮತಿಯನ್ನು ಮೊದಲೇ ಪಡೆದಿರಬೇಕು. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ ನೇಮಕಕ್ಕೆ ಮುನ್ನ ಗುರುತು, ದುಡಿಯುವ ಹಕ್ಕು, ನೋಂದಣಿ ಮತ್ತು ವಿದ್ಯಾರ್ಹತೆ, ಪೂರ್ವಸೇವೆ ಮತ್ತು ಪರಾಮರ್ಶೆ, ಅಪರಾಧ ದಾಖಲೆ, ದೇಹಾರೋಗ್ಯ ಎಂಬ ಆರನ್ನು ಪರೀಕ್ಷಿಸುತ್ತಾರೆ. ಪೂರ್ವಸೇವೆಯನ್ನು ಕನಿಷ್ಠ ಮೂರು ವರ್ಷಗಳ ಹಿಂದಿನವರೆಗೆ ತಾಳೆನೋಡುತ್ತಾರೆ. ಆದ್ದರಿಂದ ಪ್ರತಿಯೊಂದು ಆಸ್ಪತ್ರೆಯಿಂದಲೂ ಹೊರಡುವ ದಿನವೇ ಅನುಭವ ಪ್ರಮಾಣಪತ್ರವನ್ನೂ ರಿಲೀವಿಂಗ್ ಆರ್ಡರನ್ನೂ ಪಡೆದುಕೊಳ್ಳುವುದು ಜಾಣತನ. ನಮ್ಮಲ್ಲಿಯ ‘ಡ್ಯೂಟಿ ಡಾಕ್ಟರ್’ ಎಂಬ ಹುದ್ದೆಯ ಹೆಸರು ಅಲ್ಲಿಯವರಿಗೆ ಅರ್ಥವಾಗದು. ಹುದ್ದೆಯ ಹೆಸರಿನ ಪಕ್ಕದಲ್ಲಿ ಮಾಡಿದ ಕೆಲಸವನ್ನು ವಿವರಿಸಬೇಕು.

ಒಂದು ಮಾತನ್ನು ವಿನಯಪೂರ್ವಕವಾಗಿ ಹೇಳಬೇಕಾಗಿದೆ. ಮಠಾಧೀಶರ, ಊರಿನ ಗಣ್ಯರ, ದಾನಿಗಳ ಶಿಫಾರಸು ಪತ್ರವನ್ನು ಅರ್ಜಿಗೆ ಲಗತ್ತಿಸುವ ಪದ್ಧತಿ ನಮ್ಮಲ್ಲಿದೆ. ಅಂಥ ಪತ್ರವು ಶೀಲಕ್ಕೆ ಸಾಕ್ಷಿಯಾಗಬಲ್ಲದು. ನಡುರಾತ್ರಿ ಉಸಿರುಗಟ್ಟಿದ ಕೂಸನ್ನು ಈತ ಉಳಿಸಬಲ್ಲನೆ ಎಂಬುದಕ್ಕೆ ಸಾಕ್ಷಿಯಾಗಲಾರದು. ಅದಕ್ಕೆ ಸಾಕ್ಷಿ ಅವನ ಪಕ್ಕದಲ್ಲಿ ನಿಂತು ಕಂಡ ವೈದ್ಯನೊಬ್ಬನೇ. ಗುರುಹಿರಿಯರ ಆಶೀರ್ವಾದವು ಶಿರಸ್ಸಿನ ಮೇಲಿರಲಿ. ಪರಾಮರ್ಶೆಯ ಕಲಮಿನಲ್ಲಿ ಮೇಲ್ವಿಚಾರಕರ ಹೆಸರಿರಲಿ.

8. ಅಸತ್ಯದ ಫಲ

ಇಂಗ್ಲೆಂಡಿನಲ್ಲಿ ನಡೆದ ಒಂದು ಪ್ರಕರಣವು ಇಲ್ಲಿ ಸ್ಮರಣೀಯ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ವೈದ್ಯಪದವಿ ತನಗಿದೆಯೆಂದು ಕೃತಕ ಪ್ರಮಾಣಪತ್ರವನ್ನು ತೋರಿಸಿ 1995ರಲ್ಲಿ ನೋಂದಣಿ ಪಡೆದ ಮಹಿಳೆಯೊಬ್ಬಳು ಸುಮಾರು ಎರಡು ದಶಕಗಳ ಕಾಲ ಆ ದೇಶದ ಹಲವು ಕಡೆ ಮನೋವೈದ್ಯಳಾಗಿ ಕೆಲಸಮಾಡಿದಳು. 2018ರಲ್ಲಿ ಬೇರೊಂದು ವಂಚನೆಯಲ್ಲಿ ಸಿಕ್ಕಿಬಿದ್ದ ಬಳಿಕ ಇದು ಹೊರಬಿದ್ದಿತು. 2023ರಲ್ಲಿ ಮ್ಯಾಂಚೆಸ್ಟರಿನ ನ್ಯಾಯಾಲಯವು ಏಳು ವರ್ಷಗಳ ಕಾರಾಗೃಹವಾಸವನ್ನು ವಿಧಿಸಿತು. ಆಕೆ ಸಲ್ಲಿಸಿದ್ದ ದೃಢೀಕರಣ ಪತ್ರದಲ್ಲಿ ಕಾಗುಣಿತದ ತಪ್ಪುಗಳಿದ್ದುವೆಂಬುದನ್ನು ಭಾಷಾಧ್ಯಾಪಕರು ಗಮನಿಸಬೇಕು. ಒಬ್ಬಳ ಅಸತ್ಯದಿಂದಾಗಿ, ಅದೇ ಮಾರ್ಗದಲ್ಲಿ ನೋಂದಣಿ ಪಡೆದಿದ್ದ ಸುಮಾರು 3,000 ವೈದ್ಯರ ದಾಖಲೆಗಳನ್ನು ಮತ್ತೊಮ್ಮೆ ಪರೀಕ್ಷಿಸಬೇಕಾಯಿತು. ಪ್ರಾಮಾಣಿಕರೂ ಶಂಕೆಯ ಕಣ್ಣಿಗೆ ಗುರಿಯಾದರು. ಅಸತ್ಯವು ಹೇಳಿದವನನ್ನಷ್ಟೇ ಸುಟ್ಟು ತಣಿಯುವುದಿಲ್ಲ.

9. ಅಧ್ಯಾಪಕರಿಗೂ ಹಳೆಯ ವಿದ್ಯಾರ್ಥಿಗಳಿಗೂ ಬಿನ್ನಹ

ಈ ಪಾಠವು ವೈದ್ಯರಿಗೆ ಮಾತ್ರ ಸಲ್ಲುವುದಲ್ಲ. ಪ್ರೌಢಶಾಲೆಯಲ್ಲಿಯೇ ಪ್ರತಿಯೊಬ್ಬ ವಿದ್ಯಾರ್ಥಿಯಿಂದಲೂ ವರ್ಷಕ್ಕೊಮ್ಮೆ ಒಂದು ಪುಟದ ಸ್ವವಿವರವನ್ನು ಬರೆಯಿಸೋಣ. ವಿಶೇಷಣಗಳನ್ನು ಹೊಡೆದುಹಾಕಿ ಕ್ರಿಯಾಪದಗಳನ್ನು ಉಳಿಸುವ ಅಭ್ಯಾಸವನ್ನು ಮಾಡಿಸೋಣ. ಮಾಡಿದ ಕೆಲಸವನ್ನು ದಿನಾಂಕಸಹಿತ ಪುಸ್ತಕದಲ್ಲಿ ಗುರುತು ಹಾಕುವುದನ್ನು ಕಲಿಸೋಣ. ಮುಂದೆ ಅವರು ಯಾವ ವೃತ್ತಿಗೆ ಹೋದರೂ ಆ ಪುಸ್ತಕವು ಅವರನ್ನು ಕಾಯುತ್ತದೆ.

ವೈದ್ಯವೃತ್ತಿಯಲ್ಲಿ ನೆಲೆನಿಂತ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಪ್ರಾರ್ಥನೆ. ಕಿರಿಯನೊಬ್ಬನು ತನ್ನ ಪತ್ರವನ್ನು ತಂದಾಗ ಅರ್ಧ ಗಂಟೆ ಬಿಡುವುಮಾಡಿಕೊಂಡು ಓದಿ ಹೇಳಿರಿ. ಅವನ ಕೆಲಸವನ್ನು ನೀವು ಕಂಡಿದ್ದರೆ ಉಳ್ಳದ್ದನ್ನು ಉಳ್ಳಂತೆ ಬರೆದುಕೊಡಿರಿ. ಶ್ರೀಮಠದ ದಾಸೋಹಕ್ಕೆ ಧಾನ್ಯವನ್ನು ನೀಡುವ ಮಹನೀಯರ ಔದಾರ್ಯಕ್ಕೆ ಈ ಅರ್ಧ ಗಂಟೆಯ ವಿದ್ಯಾದಾಸೋಹವು ಜೊತೆಗೂಡಲಿ. ಒಬ್ಬ ಬಡ ರೈತನ ಮಗಳು ವೈದ್ಯೆಯಾಗುವವರೆಗೆ ಕೈಹಿಡಿದ ಸಂಸ್ಥೆಯು, ಆಕೆ ತನ್ನನ್ನು ಲೋಕಕ್ಕೆ ಪರಿಚಯಿಸಿಕೊಳ್ಳುವ ಎರಡು ಪುಟದಲ್ಲಿ ಕೈಬಿಡಬಾರದು.

ಪೂಜ್ಯ ಶ್ರೀಗಳವರ ಕೃಪಾಶೀರ್ವಾದದಿಂದ ನಮ್ಮ ವಿದ್ಯಾರ್ಥಿಗಳು ಹೋದ ಎಡೆಯಲ್ಲೆಲ್ಲ, ಆರು ತಿಂಗಳಿಗಾಗಲಿ ಅರವತ್ತು ವರ್ಷಕ್ಕಾಗಲಿ, ಹಿಡಿದ ಸ್ಥಾನವನ್ನು ಸತ್ಯದಿಂದಲೂ ಕಾಯಕನಿಷ್ಠೆಯಿಂದಲೂ ತುಂಬುವಂತಾಗಲೆಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇನೆ.